ಉತ್ತರ ಗೊತ್ತು, ಕೈ ಓಡಲ್ಲ ಅಂದ್ರೆ?

ವಸ್ತಾರೆಯಿಂದ ದಿನಾ ಬಸ್ಸಲ್ಲಿ ಚಿಕ್ಕಮಗಳೂರಿಗೆ ಬರುವ ಗೆಳೆಯನೊಬ್ಬ ನಮ್ಮ ಜೊತೆ ಓದುತ್ತಾನೆ. ಲ್ಯಾಬಿನಲ್ಲಿ ಸರ್ಕ್ಯೂಟ್ ಕೈಕೊಟ್ಟರೆ ನಾವು ಮೊದಲು ಕರೆಯೋದು ಅವನನ್ನೇ. ಆದರೆ ಎರಡು ಪುಟ ಬರೆಯುವಷ್ಟರಲ್ಲಿ ಅವನ ಬೆರಳುಗಳು ಸೆಟೆದುಕೊಳ್ಳುತ್ತವೆ. ಕಳೆದ ಸೆಮಿಸ್ಟರಿನಲ್ಲಿ ಹೀಗೇ ಒಂದು ಪೇಪರ್ ಹೋಯಿತು. ಉತ್ತರ ಗೊತ್ತಿತ್ತು, ಮೂರು ಗಂಟೆ ಸಾಲಲಿಲ್ಲ. "ಎಕ್ಸ್‌ಟ್ರಾ ಟೈಮ್ ಎಲ್ಲಾ ಕಾರ್ಡ್ ಇದ್ದೋರಿಗೆ ಮಾತ್ರ ಅಂದ್ಕೊಂಡಿದ್ದೆ ಕಣ್ರೋ" ಅಂದ. ನಮಗೂ ಗೊತ್ತಿರಲಿಲ್ಲ. ಅವನ ಜೊತೆ ಕೂತು ನಾವು ತಿಳಿದುಕೊಂಡದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಕಾನೂನು ಏನು ಹೇಳುತ್ತೆ?

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಪಟ್ಟಿ ಮಾಡಿದೆ. ಡಿಸ್ಲೆಕ್ಸಿಯಾ, ಡಿಸ್‌ಗ್ರಾಫಿಯಾದಂಥ ಕಲಿಕಾ ತೊಂದರೆಗಳೂ ಅದರಲ್ಲಿವೆ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಸ್ಕ್ರೈಬ್ (ಹೇಳಿದ್ದನ್ನು ಬರೆಯುವ ಲಿಪಿಕಾರ) ಇಂಥ ಅನುಕೂಲ ಮಾಡಿಕೊಡಬೇಕು ಅಂತ 17ನೇ ಸೆಕ್ಷನ್ ಹೇಳುತ್ತದೆ. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯ ಪ್ರಕಾರ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಸಿಗಬೇಕು. ನಮ್ಮ ಮೂರು ಗಂಟೆ ಪೇಪರಿಗೆ ಲೆಕ್ಕ ಹಾಕಿ: ಪೂರಾ ಒಂದು ಗಂಟೆ!

ಶೇ. 40 ಇಲ್ಲದಿದ್ದರೆ?

ನಮ್ಮ ಗೆಳೆಯ ಎಡವಿದ್ದು ಇಲ್ಲೇ. ಬರೆಯುವಾಗ ಕೈ ಸೆಟೆಯುವ 'ರೈಟರ್ಸ್ ಕ್ರ್ಯಾಂಪ್' ಇದ್ದ ಅಭ್ಯರ್ಥಿಯೊಬ್ಬರಿಗೆ ಯುಪಿಎಸ್‌ಸಿ ಸ್ಕ್ರೈಬ್ ನಿರಾಕರಿಸಿತ್ತು. ಆ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಫೆಬ್ರವರಿ 11ರಂದು ತೀರ್ಪು ಕೊಟ್ಟಿತು: ಬರೆಯಲು ನಿಜವಾದ ತೊಂದರೆ ಇದ್ದರೆ, ಶೇ. 40 ಇಲ್ಲ ಅನ್ನುವ ಒಂದೇ ಕಾರಣಕ್ಕೆ ಸ್ಕ್ರೈಬ್ ನಿರಾಕರಿಸುವಂತಿಲ್ಲ. ಇದಾದ ಮೇಲೆ, 2022ರ ಆಗಸ್ಟ್‌ನಲ್ಲಿ, ಶೇ. 40ಕ್ಕಿಂತ ಕಡಿಮೆ ಇರುವವರಿಗೇ ಬೇರೆ ಮಾರ್ಗಸೂಚಿ ಬಂತು.

ಅರ್ಜಿ ಹೇಗೆ ಹಾಕೋದು?

1. ಮೊದಲು ಸರ್ಟಿಫಿಕೇಟ್. ಯುಡಿಐಡಿ ಕಾರ್ಡ್ ಇದ್ದರೆ ಸರಿ. ಇಲ್ಲದವರು ಸರ್ಕಾರಿ ಆಸ್ಪತ್ರೆಗೆ ಹೋಗಿ. ನಮ್ಮ ಕಡೆಯವರಿಗೆ ಚಿಕ್ಕಮಗಳೂರಿನ ಜಿಲ್ಲಾಸ್ಪತ್ರೆ ಇದೆ. ಬರೀ ಪರ್ಸೆಂಟೇಜ್ ಇದ್ದರೆ ಸಾಲದು, "ಬರೆಯಲು ತೊಂದರೆ ಇದೆ" ಅಂತಲೂ ಇರಬೇಕು. ವೈದ್ಯರ ಸಮಿತಿ ನೋಡಬೇಕಾಗಬಹುದು, ಹಾಗಾಗಿ ಸೆಮಿಸ್ಟರ್ ಶುರುವಾದಾಗಲೇ ಹೊರಡಿ.

2. ಎಚ್‌ಓಡಿ ಮೂಲಕ ಪ್ರಿನ್ಸಿಪಾಲರಿಗೆ ಪತ್ರ ಕೊಡಿ. ಯುಎಸ್‌ಎನ್, ವಿಷಯಗಳ ಪಟ್ಟಿ ಇರಲಿ. ಹೆಚ್ಚುವರಿ ಸಮಯ, ಸ್ಕ್ರೈಬ್, ನೆಲಮಹಡಿಯ ಕೊಠಡಿ, ಏನು ಬೇಕೋ ಒಂದೊಂದನ್ನೂ ಬಿಡಿಯಾಗಿ ಬರೆಯಿರಿ. ಸ್ಕ್ರೈಬ್ ಬೇಡದವರೂ ಸಮಯ ಮಾತ್ರ ಕೇಳಬಹುದು. ಪ್ರತಿಯ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳಿ.

3. ವಿಶ್ವವಿದ್ಯಾಲಯದ ಈಗಿನ ಫಾರಂ, ಕೊನೆ ದಿನಾಂಕ ಪರೀಕ್ಷಾ ವಿಭಾಗದಲ್ಲಿ ವಿಚಾರಿಸಿ, ನಿಯಮ ಬದಲಾಗುತ್ತಿರುತ್ತವೆ. ಅನುಮತಿ ಪತ್ರ ಬಂದರೆ ಹಾಲ್ ಟಿಕೆಟ್ ಜೊತೆಗೇ ಇಟ್ಟುಕೊಳ್ಳಿ. ಪರೀಕ್ಷೆಯ ದಿನ ಬೆಳಿಗ್ಗೆ ಬಾಗಿಲಲ್ಲಿ ನಿಂತು ಕೇಳಿದರೆ ಇನ್ವಿಜಿಲೇಟರ್ ಆದರೂ ಏನು ಮಾಡಿಯಾರು?

4. ಸ್ಕ್ರೈಬ್ ಜೊತೆ ಅಭ್ಯಾಸ ಮಾಡಿ. ನೀವೇ ಕರೆತರುವ ಸ್ಕ್ರೈಬ್ ಓದಿನಲ್ಲಿ ನಿಮಗಿಂತ ಒಂದು ಹಂತ ಕೆಳಗಿರಬೇಕು ಅಂತ 2018ರ ಮಾರ್ಗಸೂಚಿಯಲ್ಲಿತ್ತು. ಅವರಿಗೆ ಇಂಟಿಗ್ರಲ್ ಗುರುತೇ ಹೊಸದಿರಬಹುದು. ಸಮೀಕರಣ, ಸರ್ಕ್ಯೂಟ್, ಗ್ರಾಫ್ ಬಾಯಲ್ಲಿ ಹೇಳಿ ಬರೆಸೋದು ಒಂದು ದಿನದಲ್ಲಿ ಬರುವ ವಿದ್ಯೆಯಲ್ಲ.

5. ಇಂಟರ್ನಲ್ಸ್‌ಗೂ ಕೇಳಿ. ಅಲ್ಲಿ ಕಳೆದುಕೊಂಡ ಅಂಕವೂ ಅಂಕವೇ.

ನಮ್ಮ ಗೆಳೆಯ ಈ ಸಲ ಅರ್ಜಿ ಕೊಟ್ಟಿದ್ದಾನೆ, ಉತ್ತರಕ್ಕೆ ಕಾಯ್ತಿದ್ದಾನೆ. ಸಂಜೆ ಬಸ್ ಬರುವವರೆಗೆ ಅವನು ಹೇಳುತ್ತಾನೆ, ನಾವು ಬರೆಯುತ್ತೇವೆ. ನಿಜ ಹೇಳಬೇಕಂದ್ರೆ, ನಮ್ಮ ನೆಟ್‌ವರ್ಕ್ ಅನಾಲಿಸಿಸ್ ಸುಧಾರಿಸಿದ್ದು ಹೀಗೇ! ನಿಮ್ಮ ಬೆಂಚಿನಲ್ಲೂ ಇಂಥವರು ಯಾರಾದರೂ ಸುಮ್ಮನೆ ಕೂತಿರಬಹುದು. ಎಕ್ಸಾಮ್ ಫಾರಂ ತುಂಬುವ ಮೊದಲೇ ಒಂದು ಮಾತು ಕೇಳಿ ನೋಡಿ.