ವಿಮಾನದ ಅಂಜಿಕೆಯೂ ವಿಶ್ವಾಸಿಯ ಭರವಸೆಯೂ



ಬೇಸಿಗೆ ರಜೆ ಹತ್ತಿರ ಬಂತೆಂದರೆ ಭಟ್ಕಳ, ಹೊನ್ನಾವರ, ಕುಮಟಾದ ಎಷ್ಟೋ ಮನೆಗಳಲ್ಲಿ ಪಾಸ್‌ಪೋರ್ಟ್‌ಗಳು ಕಪಾಟಿನಿಂದ ಹೊರಬರುತ್ತವೆ. ದುಬೈಯಲ್ಲೋ ಜಿದ್ದಾದಲ್ಲೋ ದುಡಿಯುವ ತಂದೆ ಟಿಕೆಟ್ ಕಳುಹಿಸಿರುತ್ತಾರೆ. ಮಕ್ಕಳು ದಿನ ಎಣಿಸುತ್ತಾರೆ. ಉಪ್ಪಿನಕಾಯಿ, ಹಪ್ಪಳದ ಪೊಟ್ಟಣಗಳು ಸಿದ್ಧವಾಗುತ್ತವೆ. ಆದರೆ ಅದೇ ಮನೆಯಲ್ಲಿ ಒಬ್ಬರು ರಾತ್ರಿಯಿಡೀ ನಿದ್ದೆಯಿಲ್ಲದೆ ಮಗ್ಗುಲು ಬದಲಿಸುತ್ತಿರಬಹುದು. ಅವರಿಗೆ ವಿಮಾನವೆಂದರೆ ಭಯ. ಅದನ್ನು ಯಾರೊಡನೆಯೂ ಹೇಳಿಕೊಳ್ಳಲು ನಾಚಿಕೆ. ಈ ತಿಂಗಳ ಪಾಠ ಅವರಿಗಾಗಿ ಮತ್ತು ಅವರ ಮನೆಯವರಿಗಾಗಿ.

ಮೊದಲು ನನ್ನದೇ ಒಂದು ತಪ್ಪನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ನನ್ನ ವಿದ್ಯಾರ್ಥಿಯೊಬ್ಬನ ತಾಯಿ ಮಗನ ಕೈಯಲ್ಲಿ ಒಂದು ಚೀಟಿ ಕಳುಹಿಸಿದ್ದರು. ಗಂಡ ದುಬೈಯಲ್ಲಿದ್ದಾರೆ, ಎರಡು ರಜೆ ಕರೆದರೂ ತಾನು ಹೋಗಿಲ್ಲ, ಒಮ್ಮೆ ಅತ್ತೆಯ ಆರೋಗ್ಯ, ಇನ್ನೊಮ್ಮೆ ಮಗುವಿನ ಜ್ವರ ಎಂದು ನೆಪ ಹೇಳಿದ್ದೇನೆ, ನಿಜವಾದ ಕಾರಣ ವಿಮಾನದ ಭಯ ಎಂದು ಬರೆದಿದ್ದರು. ಕೊನೆಯಲ್ಲಿ ಒಂದು ಪ್ರಶ್ನೆ: ಮೌಲಾನಾ, ನನ್ನ ಈಮಾನ್ ದುರ್ಬಲವಾಗಿದೆಯೇ?

ನಾನು ಎರಡೇ ಸಾಲಿನಲ್ಲಿ ಉತ್ತರಿಸಿದೆ. ಮರಣಕ್ಕೆ ನಿಗದಿತ ಸಮಯವಿದೆ, ಭದ್ರ ಕೋಟೆಯೊಳಗಿದ್ದರೂ ಅದು ಬರುತ್ತದೆ, ವಿಶ್ವಾಸಿಯಾದವರು ಅಂಜಬಾರದು ಎಂದೆ. ಒಳ್ಳೆಯ ಉತ್ತರ ಕೊಟ್ಟೆನೆಂದು ಭಾವಿಸಿದ್ದೆ. ಆಕೆ ಮತ್ತೆ ಬರೆಯಲಿಲ್ಲ. ಆ ಬೇಸಿಗೆಯಲ್ಲೂ ಹುಡುಗ ಊರಿನಲ್ಲೇ ಉಳಿದ.

ಮುಂದಿನ ಚಳಿಗಾಲದಲ್ಲಿ ಅಲ್ಲಾಹನು ನನಗೆ ಉಮ್ರಾದ ಭಾಗ್ಯ ಕರುಣಿಸಿದನು. ಅದು ನನ್ನ ಮೊದಲ ವಿಮಾನಯಾನ. ಸಮುದ್ರದ ಮೇಲೆ ವಿಮಾನವು ಗಾಳಿಗೆ ಸಿಕ್ಕಿ ಕುಲುಕತೊಡಗಿತು, ಒಮ್ಮೆ ಥಟ್ಟನೆ ಕೆಳಗಿಳಿದಂತಾಯಿತು. ನನ್ನ ಎರಡೂ ಕೈಗಳು ಕುರ್ಚಿಯ ತೋಳುಗಳನ್ನು ಬಿಗಿಹಿಡಿದಿದ್ದವು, ಬಾಯಿ ಒಣಗಿತ್ತು. ಆಕೆಗೆ ಬರೆದು ಕಳುಹಿಸಿದ್ದ ವಚನ ನನ್ನ ನೆನಪಿಗೇ ಬರಲಿಲ್ಲ. ಪಕ್ಕದಲ್ಲಿದ್ದ ವೃದ್ಧರೊಬ್ಬರು ನನ್ನ ಕೈಯ ಮೇಲೆ ತಮ್ಮ ಕೈಯಿಟ್ಟು, "ಮೊದಲ ಸಲವೇ?" ಎಂದಷ್ಟೇ ಕೇಳಿದರು. ಆ ಒಂದು ಮಾತು ನನಗೆ ನೆಮ್ಮದಿ ಕೊಟ್ಟಿತು. ನಾನು ಆ ಸಹೋದರಿಗೆ ಹೇಳಿದ ವಚನ ಸತ್ಯವೇ ಆಗಿತ್ತು. ಆದರೆ ನಾನು ಅದನ್ನು ಔಷಧಿಯಂತೆ ಕೊಡದೆ ಬೆತ್ತದಂತೆ ಬೀಸಿದ್ದೆ.

ಭಯವು ಈಮಾನಿನ ಕೊರತೆಯೇ?

ಪವಿತ್ರ ಕುರ್‌ಆನ್ ಏನು ಹೇಳುತ್ತದೆಂದು ನೋಡೋಣ. ಕೈಯಲ್ಲಿದ್ದ ಕೋಲು ಹಾವಿನಂತೆ ಚಲಿಸಿದಾಗ ಹಝ್ರತ್ ಮೂಸಾ(ಅ) ಹಿಂತಿರುಗಿಯೂ ನೋಡದೆ ಓಡಿದರು ಎಂದು ಸೂರಃ ಅನ್ನಮ್ಲ್ ತಿಳಿಸುತ್ತದೆ. ಫಿರ್‌ಔನನ ಬಳಿಗೆ ಹೋಗಲು ಆಜ್ಞೆಯಾದಾಗ ಅವರೂ ಹಾರೂನ್(ಅ)ರೂ ತಮಗೆ ಭಯವಿದೆಯೆಂದು ತಮ್ಮ ಪ್ರಭುವಿನಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡರು (ಸೂರಃ ತಾಹಾ, 45-46). ಅಲ್ಲಾಹನು ಅವರನ್ನು ಗದರಿಸಲಿಲ್ಲ. ತಾನು ಜೊತೆಗಿದ್ದೇನೆ, ಕೇಳುತ್ತಿದ್ದೇನೆ, ನೋಡುತ್ತಿದ್ದೇನೆ ಎಂದು ಧೈರ್ಯ ತುಂಬಿದನು. ಪ್ರವಾದಿಗಳಿಗೇ ಬಂದ ಭಾವನೆ ಒಬ್ಬ ಗೃಹಿಣಿಗೆ ಬಂದರೆ ಅದು ಈಮಾನಿನ ಕೊರತೆ ಹೇಗಾದೀತು? ಮೂಸಾ(ಅ) ಅಂಜಿದರೂ ಹೋದರು. ನಮ್ಮ ಪಾಠ ಅದರಲ್ಲಿದೆ.

ನಮ್ಮ ಪ್ರವಾದಿವರ್ಯರು(ಸ) ಚಿಂತೆ ಮತ್ತು ದುಃಖಗಳಿಂದ ಅಲ್ಲಾಹನ ಅಭಯವನ್ನು ಮೇಲಿಂದ ಮೇಲೆ ಯಾಚಿಸುತ್ತಿದ್ದರೆಂದು ಹಝ್ರತ್ ಅನಸ್(ರ) ವರದಿ ಮಾಡಿದ್ದಾರೆ (ಬುಖಾರಿ). ಮನದ ಕಳವಳವು ಬಾಯಿಬಿಟ್ಟು ಬೇಡಿಕೊಳ್ಳಬೇಕಾದ ಸಂಗತಿಯೇ ಹೊರತು ಬಚ್ಚಿಡಬೇಕಾದ ಅಪರಾಧವಲ್ಲ.

ನಮ್ಮ ಹೊನ್ನಾವರಕ್ಕೆ ಸಂಬಂಧಿಸಿದ ಒಂದು ಉದಾಹರಣೆಯೂ ಇದೆ. 14ನೇ ಶತಮಾನದಲ್ಲಿ ಇಲ್ಲಿಗೆ ಬಂದ ಇಬ್ನ್ ಬತೂತಾ, ಈ ಊರಿನಲ್ಲಿ ಬಾಲಕರಿಗೆ 23 ಮತ್ತು ಬಾಲಕಿಯರಿಗೆ 13 ಪಾಠಶಾಲೆಗಳಿದ್ದವೆಂದೂ ಇಲ್ಲಿಯ ಸ್ತ್ರೀಯರಿಗೆ ಕುರ್‌ಆನ್ ಕಂಠಪಾಠವಿತ್ತೆಂದೂ ಬರೆದಿದ್ದಾನೆ. ಲೋಕವನ್ನೇ ಸುತ್ತಿದ ಈ ಯಾತ್ರಿಕ ಜಿದ್ದಾದಲ್ಲಿ ಮೊದಲ ಬಾರಿ ಕಡಲ ಪ್ರಯಾಣಕ್ಕೆ ನಿಂತಾಗ, ಒಂಟೆಗಳನ್ನು ತುಂಬಿದ್ದ ನೌಕೆಯನ್ನು ಹತ್ತಲು ಹೆದರಿ ನಿರಾಕರಿಸಿದ. ಹಿಂದೆಂದೂ ಸಮುದ್ರಯಾನ ಮಾಡಿರಲಿಲ್ಲವಾದ್ದರಿಂದ ಭಯವಾಯಿತೆಂದು ತಾನೇ ಒಪ್ಪಿಕೊಂಡಿದ್ದಾನೆ. ಆದರೆ ಬೇರೊಂದು ನೌಕೆ ಹತ್ತಿ ಹೊರಟ. ಅಂದು ಮನೆಗೆ ಮರಳಿದ್ದರೆ ಹೊನ್ನಾವರದ ಆ ಪಾಠಶಾಲೆಗಳ ವಿಷಯ ಇಂದು ನಮಗೆ ತಿಳಿಯುತ್ತಿತ್ತೇ?

ನಮ್ಮ ಭಯಕ್ಕೆ ಕಾರಣವಿದೆ

ನಮ್ಮ ಕರಾವಳಿಯವರ ಭಯ ಬರೀ ಕಲ್ಪನೆಯಲ್ಲ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನವು ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಬಿದ್ದಾಗ 166 ಮಂದಿಯಲ್ಲಿ 158 ಮಂದಿ ಮೃತಪಟ್ಟರು. 2020ರ ಆಗಸ್ಟ್ 7ರ ಮಳೆಯ ಸಂಜೆ ದುಬೈಯಿಂದಲೇ ಬಂದ ಇನ್ನೊಂದು ವಿಮಾನ ಕೋಝಿಕ್ಕೋಡಿನ ಕರಿಪ್ಪೂರಿನಲ್ಲಿ ರನ್‌ವೇಯಿಂದಾಚೆ ಜಾರಿ 21 ಮಂದಿ ಅಗಲಿದರು. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ವಿಮಾನದಲ್ಲಿದ್ದ 242 ಮಂದಿಯಲ್ಲಿ ಉಳಿದದ್ದು ಒಬ್ಬರೇ. ಅಲ್ಲಾಹನು ಅಗಲಿದ ಎಲ್ಲರ ಕುಟುಂಬಗಳಿಗೆ ಸಹನೆ ನೀಡಲಿ. ಬಜ್ಪೆಗೆ ಹೋಗುವ ದಾರಿಯಲ್ಲಿ ಇವು ನೆನಪಾಗುವುದು ಸಹಜ.

ಆದರೆ ಅರ್ಧ ಸುದ್ದಿಯಿಂದ ಭಯ ಬೆಳೆಯುತ್ತದೆ. ಉಳಿದರ್ಧವನ್ನೂ ತಿಳಿಯಬೇಕು. ಅಂತಾರಾಷ್ಟ್ರೀಯ ವಿಮಾನ ಸಾರಿಗೆ ಸಂಘದ ಲೆಕ್ಕದಂತೆ 2024ರಲ್ಲಿ ಜಗತ್ತಿನಲ್ಲಿ ಸುಮಾರು 4 ಕೋಟಿ ಯಾನಗಳು ನಡೆದವು. ಅವುಗಳಲ್ಲಿ ಪ್ರಾಣಹಾನಿಯಾದ ಅಪಘಾತಗಳು 7. ಇತ್ತ ನಮ್ಮ ದೇಶದ ರಸ್ತೆಗಳಲ್ಲಿ 2022ರ ಒಂದೇ ವರ್ಷ ಸತ್ತವರು 1,68,491 ಮಂದಿ. ಭಟ್ಕಳದಿಂದ ಬಜ್ಪೆಯವರೆಗೆ ಹೆದ್ದಾರಿಯಲ್ಲಿ ನಾವು ಮಾತಾಡುತ್ತಾ, ನಿದ್ರಿಸುತ್ತಾ, ಬೆಲ್ಟ್ ಕೂಡಾ ಹಾಕದೆ ಹೋಗುತ್ತೇವೆ. ಅಂಜಿಕೆ ಶುರುವಾಗುವುದು ವಿಮಾನ ನಿಲ್ದಾಣದ ಬಾಗಿಲಲ್ಲಿ!

ಇಲ್ಲಿ ಸಹಾಬಿ ಮಹಿಳೆ ಹಝ್ರತ್ ಉಮ್ಮು ಹರಾಮ್(ರ)ರ ವೃತ್ತಾಂತ ನೆನಪಾಗುತ್ತದೆ. ಸಮುದ್ರಯಾನ ಮಾಡುವವರಲ್ಲಿ ತಾನೂ ಸೇರುವಂತೆ ಪ್ರಾರ್ಥಿಸಬೇಕೆಂದು ಅವರು ಪ್ರವಾದಿವರ್ಯರಲ್ಲಿ(ಸ) ಕೇಳಿಕೊಂಡಿದ್ದರು. ವರ್ಷಗಳ ಬಳಿಕ ಹಝ್ರತ್ ಉಸ್ಮಾನ್(ರ)ರ ಕಾಲದಲ್ಲಿ ಸೈಪ್ರಸ್‌ನ ದಂಡಯಾತ್ರೆಯಲ್ಲಿ ಹೊರಟರು. ಅಲೆಗಳು ಅವರನ್ನು ಏನೂ ಮಾಡಲಿಲ್ಲ. ಸಮುದ್ರದಿಂದ ನೆಲಕ್ಕೆ ಬಂದ ಮೇಲೆ ಸವಾರಿಯ ಪ್ರಾಣಿಯಿಂದ ಬಿದ್ದು ನಿಧನರಾದರು. ಯಾವುದು ಅಪಾಯ, ಯಾವುದು ಸುರಕ್ಷಿತ ಎಂಬ ನಮ್ಮ ಎಣಿಕೆ ಎಷ್ಟೋ ಸಲ ತಪ್ಪುತ್ತದೆ. ಆಯುಷ್ಯದ ಲೆಕ್ಕ ಅಲ್ಲಾಹನ ಬಳಿ ಇದೆ.

ಒಂಟೆಯನ್ನು ಕಟ್ಟುವ ಕ್ರಮ

ಹಾಗೆಂದು ಏನೂ ಮಾಡದೆ ಕುಳಿತರೆ ಅದು ತವಕ್ಕುಲ್ ಅಲ್ಲ. ಒಂಟೆಯನ್ನು ಬಿಟ್ಟು ಭರವಸೆಯಿಡಲೇ ಎಂದು ಕೇಳಿದ ವ್ಯಕ್ತಿಗೆ ಪ್ರವಾದಿವರ್ಯರು(ಸ) ಮೊದಲು ಅದನ್ನು ಕಟ್ಟಲು, ಬಳಿಕ ಭರವಸೆಯಿಡಲು ಹೇಳಿದರೆಂದು ತಿರ್ಮಿದಿಯಲ್ಲಿದೆ. ವಿಮಾನದ ಭಯದ ವಿಷಯದಲ್ಲಿ ಒಂಟೆ ಕಟ್ಟುವುದೆಂದರೆ ಏನು?

1. ತಿಳಿದುಕೊಳ್ಳುವುದು: ವಿಮಾನ ಮೇಲೇರಿದ ಸ್ವಲ್ಪ ಹೊತ್ತಿಗೆ ಇಂಜಿನ್ ಸದ್ದು ಕಡಿಮೆಯಾಗುತ್ತದೆ. ಅದು ಕೆಟ್ಟಿತೆಂದಲ್ಲ, ಏರುವಾಗಿನಷ್ಟು ಬಲ ಬೇಡವೆಂದು ಪೈಲಟ್ ತಗ್ಗಿಸಿರುತ್ತಾರೆ. ಕಾಲಡಿಯಲ್ಲಿ ದಡ್ ಎಂದು ಕೇಳಿಸಿದರೆ ಅದು ಚಕ್ರಗಳು ಒಳಗೆ ಸೇರಿದ ಸದ್ದು. ಎರಡು ಇಂಜಿನ್‌ಗಳ ವಿಮಾನವನ್ನು ಒಂದೇ ಇಂಜಿನ್ನಿನಿಂದಲೂ ಹಾರಿಸಿ ಇಳಿಸಬಹುದು. ಕುಲುಕಾಟಕ್ಕೆ ಗಾಳಿಯ ಏರಿಳಿತ ಕಾರಣ. ನಮ್ಮ ಮೀನುಗಾರರ ದೋಣಿ ಅಲೆಗೆ ಏರಿ ಇಳಿಯುವಂತೆ ಅದು. ರೆಕ್ಕೆಗಳು ಅಲುಗಾಡುವುದು ಮುರಿಯುವ ಲಕ್ಷಣವಲ್ಲ, ಅವುಗಳನ್ನು ಬಾಗುವಂತೆಯೇ ಕಟ್ಟಿರುತ್ತಾರೆ. ಹಾರಾಟದಲ್ಲಿ ಬರಬಹುದಾದ ಗರಿಷ್ಠ ಭಾರದ ಒಂದೂವರೆ ಪಟ್ಟು ತಾಳುವಂತೆ ರೆಕ್ಕೆಗಳನ್ನು ಕಟ್ಟಬೇಕೆಂಬ ನಿಯಮವಿದೆ.

2. ಮರಳಿ ಮೇಲೇರಿದರೆ ಹೆದರದಿರುವುದು: ಮಳೆಗಾಲದಲ್ಲಿ ಇಳಿಯುತ್ತಿದ್ದ ವಿಮಾನ ಒಮ್ಮೆಲೇ ಮತ್ತೆ ಮೇಲೇರಬಹುದು. ಜನರು ಆಗ ಚೀರುತ್ತಾರೆ. ವಾಸ್ತವದಲ್ಲಿ ಅದು ಪೈಲಟ್ ತೋರಿಸುವ ಎಚ್ಚರ. 2010ರ ತನಿಖೆಯಲ್ಲಿ ಕಂಡದ್ದೇ ಅದು: ಸಹಪೈಲಟ್ ಮರಳಿ ಮೇಲೇರುವಂತೆ ಒಂದಕ್ಕಿಂತ ಹೆಚ್ಚು ಬಾರಿ ಹೇಳಿದರೂ ಮುಖ್ಯ ಪೈಲಟ್ ಇಳಿಸಲು ಮುಂದಾದರು. ಸುಮಾರು 8,000 ಅಡಿಯ ರನ್‌ವೇಯಲ್ಲಿ ವಿಮಾನ ನೆಲ ಮುಟ್ಟುವಾಗ 5,200 ಅಡಿ ಕಳೆದುಹೋಗಿತ್ತು. ಆದ್ದರಿಂದ ವಿಮಾನ ಮರಳಿ ಮೇಲೇರಿದರೆ ಅಲ್‌ಹಮ್ದುಲಿಲ್ಲಾಹ್ ಎನ್ನಿರಿ.

3. ದೇಹವನ್ನು ಅಣಿಗೊಳಿಸುವುದು: ಹಿಂದಿನ ರಾತ್ರಿ ಸಾಕಷ್ಟು ನಿದ್ರಿಸಿರಿ. ಚಹಾ, ಕಾಫಿ ಕಡಿಮೆ ಮಾಡಿರಿ, ಅವು ಎದೆಬಡಿತ ಹೆಚ್ಚಿಸುತ್ತವೆ. ಸಾಧ್ಯವಾದರೆ ರೆಕ್ಕೆಯ ಬಳಿಯ ಆಸನ ಕೇಳಿರಿ, ಅಲ್ಲಿ ಕುಲುಕಾಟ ಕಡಿಮೆ. ಕುಳಿತಷ್ಟು ಹೊತ್ತೂ ಬೆಲ್ಟ್ ಕಟ್ಟಿಕೊಂಡಿರಿ. ಇಳಿಯುವಾಗ ಮಕ್ಕಳ ಕಿವಿ ನೋಯುತ್ತದೆ, ಕೂಸಿಗೆ ಹಾಲು ಕುಡಿಸಿರಿ, ದೊಡ್ಡ ಮಕ್ಕಳಿಗೆ ಮಿಠಾಯಿ ಚೀಪಲು ಕೊಡಿರಿ.

4. ಭಯ ಏರಿ ಬಂದಾಗ: ಎದೆ ಹೊಡೆದುಕೊಳ್ಳುವುದು, ಉಸಿರು ಕಟ್ಟಿದಂತಾಗುವುದು, ಕೈ ಬೆವರುವುದು ಇವು ಭಯದ ಲಕ್ಷಣಗಳು. ಇವು ಸಾಮಾನ್ಯವಾಗಿ ಹತ್ತು ನಿಮಿಷಗಳಲ್ಲಿ ತುತ್ತತುದಿ ಮುಟ್ಟಿ ಬಳಿಕ ತಾವಾಗಿ ಇಳಿಯುತ್ತವೆ. ಅವುಗಳೊಡನೆ ಜಗಳವಾಡಬೇಡಿರಿ. ಉಸಿರನ್ನು ಮೆಲ್ಲಗೆ ಒಳಗೆಳೆದು, ಅದಕ್ಕಿಂತ ನಿಧಾನವಾಗಿ ಹೊರಬಿಡಿರಿ. ಪ್ರತಿ ಉಸಿರಿನೊಂದಿಗೆ ಒಂದು ಝಿಕ್ರ್ ಹೇಳಿರಿ.

5. ದುಆ: ಪ್ರಯಾಣದ ದುಆವನ್ನು ಅರ್ಥಸಹಿತ ಕಲಿಯಿರಿ (ಸೂರಃ ಅಝ್ಝುಖ್ರುಫ್, 13-14). ಈ ವಾಹನವನ್ನು ವಶಪಡಿಸುವ ಶಕ್ತಿ ನಮ್ಮಲ್ಲಿರಲಿಲ್ಲ, ಅಲ್ಲಾಹನೇ ವಶಪಡಿಸಿಕೊಟ್ಟನು ಎಂಬ ಒಪ್ಪಿಗೆ ಅದರಲ್ಲಿದೆ. ಕೊನೆಗೆ ಅವನೆಡೆಗೇ ಮರಳುವೆವೆಂಬ ನೆನಪೂ ಇದೆ. ಕಿಟಕಿಯಾಚೆ ನೋಡುವಾಗ ಸೂರಃ ಅಲ್‌ಮುಲ್ಕ್‌ನ 19ನೇ ವಚನವನ್ನು ಮನನ ಮಾಡಿರಿ. ರೆಕ್ಕೆ ಹರಡಿ ಮಡಚುವ ಹಕ್ಕಿಗಳನ್ನು ಆಕಾಶದಲ್ಲಿ ಹಿಡಿದಿರಿಸುವವನು ಪರಮ ದಯಾಮಯನೇ ಎಂದು ಅದು ನೆನಪಿಸುತ್ತದೆ.

ಇಷ್ಟಾದರೂ ಭಯ ತಗ್ಗದೆ ನಿದ್ದೆ, ಊಟ ಕೆಡುತ್ತಿದ್ದರೆ ವೈದ್ಯರನ್ನು ಕಾಣಿರಿ. ಚಿಕಿತ್ಸೆ ಪಡೆಯಲು ಪ್ರವಾದಿವರ್ಯರೇ(ಸ) ಆದೇಶಿಸಿದ್ದಾರೆ, ಮನಸ್ಸಿನ ಬೇನೆಯೂ ಬೇನೆಯೇ. ಸರಕಾರದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು. ಒಂದು ಎಚ್ಚರಿಕೆ: ಪ್ರಯಾಣವನ್ನು ಮುಂದೂಡಿದ ದಿನ ಮನಸ್ಸು ಹಗುರವಾಗುತ್ತದೆ, ಆದರೆ ಮುಂದಿನ ಸಲಕ್ಕೆ ಭಯ ಇನ್ನಷ್ಟು ಬಲಿತಿರುತ್ತದೆ.

ಮನೆಯವರ ಹೊಣೆ

ಮಾನ್ಯ ಸಹೋದರರೇ, ಇನ್ನು ನಮ್ಮ ಸರದಿ. ಒಂದು ಪ್ರಯಾಣದಲ್ಲಿ ಅಂಜಶಾ(ರ)ರ ಹಾಡಿಗೆ ಒಂಟೆಗಳು ವೇಗವಾಗಿ ನಡೆಯತೊಡಗಿದಾಗ, ಅವುಗಳ ಮೇಲಿದ್ದ ಸ್ತ್ರೀಯರನ್ನು ಗಾಜಿನ ಪಾತ್ರೆಗಳಿಗೆ ಹೋಲಿಸಿ, ಮೆಲ್ಲಗೆ ನಡೆಸುವಂತೆ ಪ್ರವಾದಿವರ್ಯರು(ಸ) ಹೇಳಿದರು (ಬುಖಾರಿ). ಇನ್ನೊಂದು ಪ್ರಯಾಣದಲ್ಲಿ ಕೆಲವರು ನಿದ್ರಿಸುತ್ತಿದ್ದ ಸಂಗಾತಿಯ ಹಗ್ಗವನ್ನು ತೆಗೆದುಕೊಂಡಾಗ ಆತ ಬೆಚ್ಚಿಬಿದ್ದ. ಮುಸ್ಲಿಮನೊಬ್ಬ ಇನ್ನೊಬ್ಬ ಮುಸ್ಲಿಮನನ್ನು ಹೆದರಿಸುವುದು ಸಮ್ಮತವಲ್ಲವೆಂದು ಪ್ರವಾದಿವರ್ಯರು(ಸ) ತಿಳಿಸಿದರು (ಅಬೂದಾವೂದ್). ಒಂದು ಹಗ್ಗದ ತಮಾಷೆಯೇ ಸಲ್ಲದೆಂದರೆ, ಪ್ರಯಾಣದ ಹಿಂದಿನ ದಿನ ಅಪಘಾತದ ವೀಡಿಯೋ ಕಳುಹಿಸುವುದು, "ಇಷ್ಟಕ್ಕೆಲ್ಲ ಹೆದರುತ್ತೀಯಾ" ಎಂದು ಮಕ್ಕಳ ಮುಂದೆ ನಗುವುದು ಸಲ್ಲುವುದೇ? ಅವರ ಮಾತನ್ನು ಕೇಳಿರಿ. ಪಕ್ಕದ ಆಸನದಲ್ಲಿ ಕುಳಿತು ಕೈ ಹಿಡಿಯಿರಿ. ಒಂದು ವರ್ಷದ ಅಗಲಿಕೆಯ ಬಳಿಕ ಒಂದಾಗಬೇಕಾದ ಸಂಸಾರ ಒಂದು ಹೇಳಲಾಗದ ಭಯಕ್ಕಾಗಿ ದೂರವೇ ಉಳಿಯಬಾರದು.

ಉಮ್ರಾದಿಂದ ಮರಳಿದ ಮೇಲೆ ನಾನು ಆ ಸಹೋದರಿಗೆ ಮತ್ತೊಂದು ಪತ್ರ ಬರೆದೆ. ಮೊದಲ ಉತ್ತರಕ್ಕೆ ಕ್ಷಮೆ ಕೇಳಿದೆ, ನನಗಾದ ಭಯವನ್ನೂ ಹೇಳಿದೆ, ಈ ಲೇಖನದ ಬಹುಭಾಗವನ್ನು ಅಂದೇ ಬರೆದೆ. ಆ ರಜೆ ಮುಗಿದ ಮೇಲೆ ಹುಡುಗ ಖರ್ಜೂರದ ಪೊಟ್ಟಣದೊಂದಿಗೆ ಬಂದ. ವಿಮಾನ ಮೇಲೇರುವಾಗ ತಾಯಿ ಅತ್ತರಂತೆ, ದುಆ ಓದುತ್ತಾ ದಾರಿಯುದ್ದಕ್ಕೂ ಅವನ ಕೈ ಬಿಡಲಿಲ್ಲವಂತೆ, ನಿಲ್ದಾಣದಲ್ಲಿ ತಂದೆಯನ್ನು ಕಂಡಾಗ ಮತ್ತೆ ಅತ್ತರಂತೆ. ಭಯ ಹೋಯಿತೇ ಎಂದು ಕೇಳಿದೆ. "ಇಲ್ಲ ಮೌಲಾನಾ, ಬರುವಾಗಲೂ ಹೆದರಿದರು. ಆದರೆ ಮುಂದಿನ ವರ್ಷವೂ ಹೋಗೋಣ ಎಂದಿದ್ದಾರೆ" ಎಂದ.

ಹೊರಟಿರುವ ಎಲ್ಲ ಕುಟುಂಬಗಳನ್ನು ಅಲ್ಲಾಹನು ಸುರಕ್ಷಿತವಾಗಿ ತಲುಪಿಸಲಿ, ಸುರಕ್ಷಿತವಾಗಿ ಮರಳಿಸಲಿ. ಅಂಜಿದ ಹೃದಯಗಳಿಗೆ ನೆಮ್ಮದಿಯನ್ನು, ಜೊತೆಗಿರುವವರಿಗೆ ಮೃದುತ್ವವನ್ನು ಅನುಗ್ರಹಿಸಲಿ. ಆಮೀನ್.