ಅನ್ನಪ್ರಾಶನ: ಐದನೇ ತಿಂಗಳೋ, ಏಳನೇ ತಿಂಗಳೋ?

ಪ್ರಶ್ನೆ: ನನ್ನ ಮೊಮ್ಮಗಳಿಗೆ ಈಗ ನಾಲ್ಕೂವರೆ ತಿಂಗಳು. ಹೆಣ್ಣುಮಗುವಾದ್ದರಿಂದ ಐದನೇ ತಿಂಗಳಲ್ಲೇ ಅನ್ನಪ್ರಾಶನ ಮುಗಿಸಿ ಅಂತ ನಮ್ಮ ಪುರೋಹಿತರು ಹೇಳುತ್ತಾರೆ. ಆರು ತಿಂಗಳು ತುಂಬುವವರೆಗೆ ತಾಯಿಹಾಲು ಬಿಟ್ಟು ಏನೂ ಬೇಡ ಅಂತ ಡಾಕ್ಟರು ಖಂಡಿತವಾಗಿ ಹೇಳಿದ್ದಾರೆ. ಬೀಗರಿಗೆ ಹೊರನಾಡಿನಲ್ಲಿ ಮಾಡಿಸುವ ಆಸೆ. ಅವರ ರಜೆ, ಎಲ್ಲರ ಅನುಕೂಲ ನೋಡಿದರೆ ಅದು ಒಂಬತ್ತನೇ ತಿಂಗಳಿಗೆ ಹೋಗುತ್ತದೆ. ಅಲ್ಲಿಯವರೆಗೆ ಮಗುವಿಗೆ ಒಂದಗುಳು ಅನ್ನವನ್ನೂ ಕೊಡಬಾರದಾ? ಯಾರ ಮಾತು ಕೇಳಬೇಕು? — ಓದುಗರು, ಬೆಂಗಳೂರು

ಉತ್ತರ: ತಾಯಿ, ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಸಂಸ್ಕಾರ ಯಾವಾಗ ಅನ್ನುವುದು ಒಂದು, ಮಗುವಿಗೆ ದಿನದ ಆಹಾರ ಯಾವಾಗ ಶುರು ಅನ್ನುವುದು ಇನ್ನೊಂದು. ಇವೆರಡನ್ನೂ ಬಿಡಿಸಿ ನೋಡಿದರೆ ನಿಮ್ಮ ಮನೆಯ ಮುಕ್ಕಾಲು ಗೊಂದಲ ತಾನಾಗಿ ಕರಗುತ್ತದೆ.

ಮೊದಲು ಶಾಸ್ತ್ರದ ಮಾತು. ಆಶ್ವಲಾಯನ, ಆಪಸ್ತಂಬ, ಪಾರಸ್ಕರ ಈ ಮೂರೂ ಗೃಹ್ಯಸೂತ್ರಗಳು ಅನ್ನಪ್ರಾಶನಕ್ಕೆ ಆರನೇ ತಿಂಗಳನ್ನು ಹೇಳುತ್ತವೆ. ಮನುಸ್ಮೃತಿಯೂ ಆರನೇ ತಿಂಗಳನ್ನೇ ಹೇಳಿ, ಅಥವಾ ಆಯಾ ಕುಲಕ್ಕೆ ಯಾವುದು ಮಂಗಳವೋ ಹಾಗೆ ಎಂದು ಒಂದು ಬಾಗಿಲನ್ನು ತೆರೆದಿಟ್ಟಿದೆ. ಗಂಡುಮಗುವಿಗೆ ಆರು, ಎಂಟು, ಹತ್ತು ಹೀಗೆ ಸಮ ತಿಂಗಳು. ಹೆಣ್ಣುಮಗುವಿಗೆ ಐದು, ಏಳು, ಒಂಬತ್ತು ಹೀಗೆ ಬೆಸ ತಿಂಗಳು ಎನ್ನುವ ವಿಂಗಡಣೆ ಮುಹೂರ್ತ ಗ್ರಂಥಗಳಿಂದ ಬಂದದ್ದು. ನಿಮ್ಮ ಪುರೋಹಿತರು ಹೇಳಿದ್ದು ತಪ್ಪಲ್ಲ. ಆದರೆ ಐದನೇ ತಿಂಗಳೊಂದೇ ಗತಿ ಅಂತಲೂ ಶಾಸ್ತ್ರ ಹೇಳಿಲ್ಲ. ಏಳನೆಯದೂ ಅಷ್ಟೇ ಒಪ್ಪಿತವಾದ ಕಾಲ.

ಈಗ ಸ್ವಲ್ಪ ಲೆಕ್ಕ ಮಾಡೋಣ. ಬಹಳ ಮನೆಗಳಲ್ಲಿ ಎಡವುವುದು ಇಲ್ಲೇ. ಐದನೇ ತಿಂಗಳು ಅಂದರೆ ಐದು ತುಂಬಿದ ಮೇಲೆ ಅಲ್ಲ; ನಾಲ್ಕು ತುಂಬಿ ಐದು ನಡೆಯುತ್ತಿರುವ ಕಾಲ. ಆಗ ಮಗುವಿಗೆ ಸುಮಾರು 120ರಿಂದ 150 ದಿನ. ಏಳನೇ ತಿಂಗಳು ಅಂದರೆ ಆರು ತುಂಬಿ ಏಳು ನಡೆಯುತ್ತಿರುವ ಕಾಲ, ಅಂದರೆ ಸುಮಾರು 180ರಿಂದ 210 ದಿನ. ವೈದ್ಯರು ಹೇಳುವ ಆರು ತಿಂಗಳು ಪೂರ್ಣ, ಅಂದರೆ 180 ದಿನ, ಎಲ್ಲಿ ಮುಗಿಯುತ್ತದೋ ಅಲ್ಲಿಂದಲೇ ನಮ್ಮ ಏಳನೇ ತಿಂಗಳು ಶುರು! ಹಾಗಾಗಿ ನಿಮ್ಮ ಮೊಮ್ಮಗಳ ವಿಷಯದಲ್ಲಿ ಶಾಸ್ತ್ರಕ್ಕೂ ವೈದ್ಯರಿಗೂ ಜಗಳವೇ ಇಲ್ಲ. ಚಾಂದ್ರಮಾನದಲ್ಲಿ ಎಣಿಸಿದರೆ ಆರು ತಿಂಗಳಿಗೆ 177 ದಿನವಾಗುತ್ತದೆ. ಆ ಎರಡು ಮೂರು ದಿನದ ವ್ಯತ್ಯಾಸ ಬಾರದಂತೆ 180 ದಿನ ದಾಟಿದ ಮೇಲಿನ ಮುಹೂರ್ತವನ್ನೇ ಆರಿಸಿಕೊಳ್ಳಿ.

ಇನ್ನು ಒಂಬತ್ತನೇ ತಿಂಗಳ ಮಾತು. ಬೆಸ ತಿಂಗಳಾದ್ದರಿಂದ ಸಂಸ್ಕಾರಕ್ಕೆ ಅದೂ ಸಲ್ಲುತ್ತದೆ. ಆದರೆ ಮುಹೂರ್ತ ದೂರ ಹೋಯಿತು ಅಂತ ಮಗುವಿನ ಊಟವನ್ನೂ ದೂರ ತಳ್ಳಬೇಡಿ. ಗರ್ಭದಲ್ಲಿದ್ದಾಗ ತಾಯಿಯಿಂದ ಪಡೆದ ಕಬ್ಬಿಣದ ಅಂಶ ಆರು ತಿಂಗಳ ಹೊತ್ತಿಗೆ ಇಳಿಯುತ್ತಾ ಬರುತ್ತದೆ. ಆಮೇಲೆ ಬೆಳೆಯುವ ಮೈಗೆ ಬರೀ ಹಾಲು ಸಾಲದು ಅಂತ ವೈದ್ಯರು ಹೇಳುತ್ತಾರೆ. ಎರಡು ಮೂರು ತಿಂಗಳು ಕಾಯಿಸಿದರೆ ಸೊರಗುವುದು ಮಗು. ಅನ್ನವನ್ನು ಬ್ರಹ್ಮ ಎಂದು ಸಾರಿದ ಉಪನಿಷತ್ತು ನಮ್ಮದು. ಆ ಅನ್ನದ ಹೆಸರಿನ ಸಂಸ್ಕಾರವೇ ಮಗುವಿನ ಅನ್ನವನ್ನು ತಡೆಯುವುದು ಯಾವ ಧರ್ಮ?

ಆದ್ದರಿಂದ ಹೀಗೆ ಮಾಡಿ. ಏಳನೇ ತಿಂಗಳಲ್ಲಿ ಒಂದು ಒಳ್ಳೆಯ ದಿನ ನೋಡಿ, ನಿಮ್ಮ ಮನೆಯ ದೇವರ ಮುಂದೆಯೇ ಸಂಸ್ಕಾರ ಮುಗಿಸಿ. ಹೊರನಾಡಿನ ಅನ್ನಪೂರ್ಣೇಶ್ವರಿ ದರ್ಶನವನ್ನು ಒಂಬತ್ತನೇ ತಿಂಗಳಲ್ಲೋ, ಮಗು ಘಾಟಿ ದಾರಿಯ ಪ್ರಯಾಣ ತಡೆದುಕೊಳ್ಳುವಷ್ಟು ಗಟ್ಟಿಯಾದ ಮೇಲೋ ಇಟ್ಟುಕೊಳ್ಳಿ. ಅಲ್ಲಿ ಅಮ್ಮನವರ ಪ್ರಸಾದವನ್ನು ಮೆತ್ತಗೆ ಕಿವುಚಿ ಒಂದು ತುತ್ತು ಕೊಟ್ಟರೆ ಬೀಗರ ಹರಕೆಯೂ ಸಲ್ಲುತ್ತದೆ. ಒಂದು ವೇಳೆ ಸೂತಕವೋ ಕಾಯಿಲೆಯೋ ಬಂದು ಸಂಸ್ಕಾರ ಮುಂದಕ್ಕೆ ಹೋಯಿತು ಅನ್ನಿ, ಆಗಲೂ ಆಹಾರ ನಿಲ್ಲಬಾರದು. ಶುರು ಮಾಡಿ, ಮುಂದೆ ಸಂಸ್ಕಾರ ಮಾಡುವಾಗ ಕಾಲ ಮೀರಿದ್ದರೆ ಪುರೋಹಿತರು ಅದಕ್ಕಿರುವ ಪ್ರಾಯಶ್ಚಿತ್ತವನ್ನು ಮಾಡಿಸುತ್ತಾರೆ. ಹೋದ ಕಾಲಕ್ಕೆ ಪ್ರಾಯಶ್ಚಿತ್ತ ಉಂಟು. ಹಸಿದ ಮಗುವಿನ ಹೊಟ್ಟೆಗೆ ಅದರಿಂದ ಏನೂ ಸಿಗುವುದಿಲ್ಲ.

ಮುಹೂರ್ತ: ಸೋಮ, ಬುಧ, ಗುರು, ಶುಕ್ರವಾರಗಳು ಒಳ್ಳೆಯವು. ದ್ವಿತೀಯಾ, ತೃತೀಯಾ, ಪಂಚಮಿ, ಸಪ್ತಮಿ, ದಶಮಿ, ತ್ರಯೋದಶಿ ತಿಥಿಗಳು ಆಗುತ್ತವೆ. ಚೌತಿ, ಅಷ್ಟಮಿ, ನವಮಿ, ಚತುರ್ದಶಿ, ಅಮಾವಾಸ್ಯೆ ಬಿಡಿ. ಅಶ್ವಿನಿ, ರೋಹಿಣಿ, ಮೃಗಶಿರ, ಪುನರ್ವಸು, ಪುಷ್ಯ, ಹಸ್ತ, ಸ್ವಾತಿ, ಅನುರಾಧಾ, ಶ್ರವಣ, ರೇವತಿ ಮೊದಲಾದ ನಕ್ಷತ್ರಗಳಲ್ಲಿ ಮಗುವಿಗೆ ತಾರಾಬಲ, ಚಂದ್ರಬಲ ಇರುವುದನ್ನು ನೋಡಿ. ಲಗ್ನದಿಂದ ಹತ್ತನೇ ಮನೆ ಖಾಲಿ ಇರಬೇಕು. ಹೊತ್ತು ಮಧ್ಯಾಹ್ನದೊಳಗೆ ಇರಲಿ. ಅಧಿಕ ಮಾಸ ಬಂತು, ಗುರು ಅಥವಾ ಶುಕ್ರ ಅಸ್ತ ಅಂತ ಕೆಲವರು ಹೆದರುತ್ತಾರೆ. ಹೇಳಿದ ಕಾಲದಲ್ಲೇ ಮಾಡುವ ಅನ್ನಪ್ರಾಶನಕ್ಕೆ ಆ ದೋಷವಿಲ್ಲ ಅಂತ ಧರ್ಮಶಾಸ್ತ್ರವೇ ವಿನಾಯಿತಿ ಕೊಟ್ಟಿದೆ. ಇದು ಮಗುವಿನ ವಯಸ್ಸಿಗೆ ಕಟ್ಟಿದ ಕರ್ಮ. ಮದುವೆಯ ಹಾಗೆ ಮುಂದೂಡುವಂಥದ್ದಲ್ಲ.

ವಿಧಿ ಸರಳವಾಗಿಯೇ ಇದೆ. ಮಗುವಿಗೆ ಎಣ್ಣೆ ನೀರು ಹಾಕಿ ಹೊಸ ಬಟ್ಟೆ ತೊಡಿಸಿ. ಗಣಪತಿ ಪೂಜೆ, ಪುಣ್ಯಾಹ, ಸಂಕಲ್ಪ, ಕುಲದೇವರಿಗೆ ನೈವೇದ್ಯ. ತಂದೆ ಮಂತ್ರಪೂರ್ವಕವಾಗಿ ಮೊದಲ ತುತ್ತು ತಿನ್ನಿಸಬೇಕು. ಸೋದರಮಾವ ತೊಡೆಯ ಮೇಲೆ ಕೂರಿಸಿಕೊಳ್ಳುವ ಪದ್ಧತಿ ನಿಮ್ಮಲ್ಲಿದ್ದರೆ ಹಾಗೇ ನಡೆಸಿ. ಆಮೇಲೆ ಪುಸ್ತಕ, ಲೇಖನಿ, ಬಟ್ಟೆ, ಆಯುಧ ಇಂಥವನ್ನು ಮುಂದಿಟ್ಟು ಮಗು ಮೊದಲು ಯಾವುದನ್ನು ಮುಟ್ಟುತ್ತದೆ ಎಂದು ನೋಡುವ ಜೀವಿಕಾ ಪರೀಕ್ಷೆ ಉಂಟು, ಮನೆಯವರಿಗೆಲ್ಲ ಸಂತೋಷ. ಫ್ಲಾಟಿನಲ್ಲಿ ಹೋಮ ಇಟ್ಟುಕೊಂಡರೆ ಹೊಗೆ ಆಡುವ ಕೋಣೆಯಲ್ಲಿ ಮಗು ಬೇಡ, ಆ ಹೊತ್ತಿಗೆ ಮಾತ್ರ ಕರೆತನ್ನಿ.

ಬಟ್ಟಲಲ್ಲಿ ಏನಿರಬೇಕು? ಆಪಸ್ತಂಬ ಸೂತ್ರದಲ್ಲಿ ಮೊಸರು, ಜೇನು, ತುಪ್ಪ, ಅನ್ನ ಬೆರೆಸಿ ತಿನ್ನಿಸುವ ವಿಧಿಯಿದೆ. ಇದರಲ್ಲಿ ಜೇನಿನ ಬಗ್ಗೆ ಗಮನವಿಟ್ಟು ಓದಿ. ಒಂದು ವರ್ಷದೊಳಗಿನ ಮಗುವಿಗೆ ಜೇನು ಕೊಡಲೇಬಾರದು ಅಂತ ಮಕ್ಕಳ ವೈದ್ಯರೆಲ್ಲ ಹೇಳುತ್ತಾರೆ. ಜೇನಿನಲ್ಲಿ ಇರಬಹುದಾದ ಒಂದು ಬಗೆಯ ಕ್ರಿಮಿಯ ಬೀಜಾಣು ಎಳೆಯ ಕರುಳಿನಲ್ಲಿ ಬೆಳೆದು ವಿಷವಾಗಿ, ಮಗುವಿನ ನರಗಳ ಶಕ್ತಿಯನ್ನೇ ಕುಂದಿಸಬಲ್ಲದು. ಶುದ್ಧ ಜೇನು, ಕಾಡಿನ ಜೇನು ಅಂದರೂ ಈ ಭಯ ತಪ್ಪಿದ್ದಲ್ಲ. ಒಂದು ತೊಟ್ಟು ತಾನೇ ಅನ್ನಬೇಡಿ. ಜೇನನ್ನು ದೇವರಿಗೆ ಬೇರೆಯಾಗಿ ನಿವೇದಿಸಿ ದೊಡ್ಡವರು ತೆಗೆದುಕೊಳ್ಳಿ. ಮಗುವಿಗೆ ಚೆನ್ನಾಗಿ ಬೆಂದ ಅನ್ನವನ್ನು ನುಣ್ಣಗೆ ಕಿವುಚಿ, ತುಪ್ಪ ಬೆರೆಸಿ ನಾಲಗೆಗೆ ಮುಟ್ಟಿಸಿದರೆ ಕರ್ಮ ಪೂರ್ಣ. ಪಾಯಸ ಮಾಡಿದ್ದರೆ ಮಗುವಿನ ಪಾಲಿನಲ್ಲಿ ಗೋಡಂಬಿ, ದ್ರಾಕ್ಷಿ ಇರದಂತೆ ನೋಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಬಂದ ನೆಂಟರೆಲ್ಲ ಸಾಲಾಗಿ ಬಂದು ಒಂದೊಂದು ಬೆರಳು ಪಾಯಸ ಬಾಯಿಗಿಡುವ ರೂಢಿ ಈಗ ಛತ್ರಗಳಲ್ಲಿ ಜಾಸ್ತಿಯಾಗಿದೆ. ಇದು ಬೇಡ. ತಂದೆ, ತಾಯಿ, ಅಜ್ಜ, ಅಜ್ಜಿ, ಸೋದರಮಾವ, ಇಷ್ಟು ಜನ ಕೈ ತೊಳೆದುಕೊಂಡು ತಿನ್ನಿಸಿದರೆ ಸಾಕು. ಉಳಿದವರು ಅಕ್ಷತೆ ಹಾಕಿ ಹರಸಲಿ. ಅಕ್ಷತೆಯೂ ಮಗುವಿನ ಮುಖದ ಮೇಲೆ ಬೀಳದಂತೆ ಪಾದದ ಕಡೆಗೆ ಹಾಕಲಿ.

ಮರುದಿನದಿಂದ ಊಟ ನಿಧಾನವಾಗಿ ಬೆಳೆಯಲಿ. ತಲೆ ಗಟ್ಟಿಯಾಗಿ ನಿಂತು, ಆಧಾರ ಕೊಟ್ಟರೆ ಕೂತು, ಬಾಯಿಗಿಟ್ಟದ್ದನ್ನು ನಾಲಗೆಯಿಂದ ಹೊರಗೆ ತಳ್ಳದೆ ನುಂಗುವುದು ಮಗು ಸಿದ್ಧವಾಗಿರುವ ಲಕ್ಷಣ. ಮೊದಲು ದಿನಕ್ಕೆ ಎರಡು ಮೂರು ಚಮಚ. ಮೊಳಕೆ ಕಟ್ಟಿ ಒಣಗಿಸಿ ಬೀಸಿದ ರಾಗಿಯ ಸರಿ, ಹೆಸರುಬೇಳೆ ಹಾಕಿದ ಮೆತ್ತನೆಯ ಅನ್ನ, ಕಿವುಚಿದ ಬಾಳೆಹಣ್ಣು, ಬೇಯಿಸಿದ ತರಕಾರಿ ಇವೆಲ್ಲ ಒಂದೊಂದಾಗಿ ಬರಲಿ. ವರ್ಷ ತುಂಬುವವರೆಗೆ ಉಪ್ಪು, ಸಕ್ಕರೆ ಬೇಡ. ತಾಯಿಹಾಲು ಎರಡು ವರ್ಷದವರೆಗೂ ಜೊತೆಗೆ ನಡೆಯಲಿ. ತಿಂಗಳು ತುಂಬದೆ ಹುಟ್ಟಿದ ಮಗುವಾದರೆ ಈ ಲೆಕ್ಕಗಳನ್ನೆಲ್ಲ ಬದಿಗಿಟ್ಟು ಡಾಕ್ಟರನ್ನೇ ಕೇಳಿ.

ಗಂಡುಮಗು ಇರುವ ಓದುಗರಿಗೂ ಒಂದು ಮಾತು. ಆರನೇ ತಿಂಗಳು ಅಂದರೆ 150ರಿಂದ 180 ದಿನ. ಆಗ ಆರು ತುಂಬಿರುವುದಿಲ್ಲ. ಆದ್ದರಿಂದ ಆರು ತುಂಬಿದ ಕೂಡಲೇ ಮನೆದೇವರಿಗೆ ನೈವೇದ್ಯ ಮಾಡಿ ಆಹಾರ ಶುರು ಮಾಡಿ, ಸಂಸ್ಕಾರವನ್ನು ಎಂಟನೇ ತಿಂಗಳ ಶುಭದಿನದಲ್ಲಿ ಇಟ್ಟುಕೊಳ್ಳಿ. ಆರನೇ ತಿಂಗಳಲ್ಲೇ ಮಾಡಬೇಕೆಂಬ ಕುಲಾಚಾರವಿದ್ದರೆ ತಿಂಗಳ ಕೊನೆಯ ದಿನಗಳಲ್ಲಿ, ವೈದ್ಯರ ಒಪ್ಪಿಗೆ ಪಡೆದು, ತುಟಿಗೆ ಮುಟ್ಟಿಸುವಷ್ಟಕ್ಕೆ ನಿಲ್ಲಿಸಿ.

ತಾಯಿ, ನಿಮ್ಮ ಪುರೋಹಿತರಿಗೆ ಈ ಏಳನೇ ತಿಂಗಳ ಲೆಕ್ಕವನ್ನು ವಿನಯದಿಂದ ತಿಳಿಸಿ, ಅವರಿಂದಲೇ ಮುಹೂರ್ತ ಇಡಿಸಿ. ಬೀಗರಿಗೆ ಹೊರನಾಡಿನ ಯಾತ್ರೆ ಉಳಿದೇ ಇದೆ. ಮಗುವಿಗೆ ಅನ್ನಪೂರ್ಣೇಶ್ವರಿ ದೀರ್ಘಾಯುಷ್ಯ, ಆರೋಗ್ಯ ಕೊಡಲಿ. ಶುಭಮಸ್ತು.