ಮಡಿಲೂ ಮೋಟಾರೂ: ಮಕ್ಕಳ ಪ್ರಯಾಣಕ್ಷೇಮವನ್ನು ಕುರಿತ ಒಂದು ಪಾಠ

ಮಗುವಿಗೆ ತಾಯಿಯ ಮಡಿಲಿಗಿಂತ ಕ್ಷೇಮಕರವಾದ ಸ್ಥಳವು ಬೇರೊಂದಿಲ್ಲವೆಂಬ ಮಾತನ್ನು ನಾವೆಲ್ಲರೂ ಕೇಳಿ ಬೆಳೆದವರು. ಮನೆಯೊಳಗೆ ಈ ಮಾತು ಸತ್ಯವೇ ಸರಿ. ಓಡುತ್ತಿರುವ ಮೋಟಾರಿನಲ್ಲಿ ಮಾತ್ರ ಇದು ಸತ್ಯವಲ್ಲ. ಇದನ್ನು ನಂಬಿ ಲೋಕದಲ್ಲಿ ಎಷ್ಟೋ ಕೂಸುಗಳು ಪ್ರಾಣವನ್ನು ಕಳೆದುಕೊಂಡಿವೆ. ಹೀಗೆ ಬರೆದರೆ ತಾಯಂದಿರ ಮನಸ್ಸಿಗೆ ನೋವಾಗಬಹುದೆಂದು ಬಲ್ಲೆನು. ಆದಕಾರಣ ಕಾರಣವನ್ನು ಮೊದಲು ತಿಳಿಸಿ, ಉಪಾಯವನ್ನು ಆಮೇಲೆ ಹೇಳುವೆನು.

ನಮ್ಮ ಸೀಮೆಯಲ್ಲಿ ಹಾಳುಬಾವಿಯನ್ನು ನೋಡದವರಿಲ್ಲ. ನೀರು ಬತ್ತಿದ, ೨೦ ಅಡಿ ಆಳದ ಒಂದು ಬಾವಿಯನ್ನು ಮನಸ್ಸಿಗೆ ತಂದುಕೊಳ್ಳಿರಿ. ಅದರ ದಂಡೆಯ ಮೇಲೆ ಕಾಲನ್ನು ಇಳಿಬಿಟ್ಟು, ಕೂಸನ್ನು ಮಡಿಲಲ್ಲಿಟ್ಟುಕೊಂಡು ಕುಳಿತುಕೊಳ್ಳಲು ಯಾವ ತಾಯಿ ಒಪ್ಪುವಳು? ಗಂಟೆಗೆ ೪೦ ಕಿಲೋಮೀಟರು ವೇಗದಲ್ಲಿ ಹೋಗುವ ಕಾರು ಹುಣಸೇಮರಕ್ಕೆ ಬಡಿದು ಥಟ್ಟನೆ ನಿಂತರೆ, ಏನನ್ನೂ ಕಟ್ಟಿಕೊಳ್ಳದೆ ಒಳಗಿರುವವರು ಆ ಬಾವಿಯ ತಳಕ್ಕೆ ಬೀಳುವಷ್ಟೇ ವೇಗದಿಂದ ಎದುರಿನ ಹಲಗೆಗೆ ಅಪ್ಪಳಿಸುವರು. ವೇಗವು ೬೦ ಕಿಲೋಮೀಟರಾದರೆ ಬಾವಿಯ ಆಳವು ೩೦ ಅಡಿಯಾಗುವುದೆಂದು ಭಾವಿಸಬೇಡಿರಿ. ವೇಗವು ಒಂದೂವರೆ ಪಾಲಾದಾಗ ಆಳವು ಎರಡೂಕಾಲು ಪಾಲಾಗುತ್ತದೆ. ಅಂದರೆ ಸುಮಾರು ೪೬ ಅಡಿ.

ತಾಯಿಯು ಕೂಸನ್ನು ಬಿಗಿಯಾಗಿ ಹಿಡಿದುಕೊಳ್ಳಲಾರಳೇ ಎಂದು ಕೇಳುವಿರಿ. ಲೆಕ್ಕವನ್ನು ನೋಡಿರಿ. ಗಂಟೆಗೆ ೫೦ ಕಿಲೋಮೀಟರು ವೇಗದ ಕಾರು ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ನಿಂತಿತೆಂದರೆ, ೧೦ ಕಿಲೋಗ್ರಾಂ ತೂಗುವ ಮಗುವು ಆ ಕ್ಷಣದಲ್ಲಿ ಸುಮಾರು ೧೪೦ ಕಿಲೋಗ್ರಾಂ ಭಾರದಂತೆ ಮುಂದಕ್ಕೆ ಎಳೆಯುತ್ತದೆ. ಕೋಲಾರದ ಮಾರುಕಟ್ಟೆಯಲ್ಲಿ ೧೫ ಕಿಲೋಗ್ರಾಂ ತೂಕದ ಟೊಮ್ಯಾಟೋ ಪೆಟ್ಟಿಗೆಗಳನ್ನು ಹೊರುವ ಆಳುಗಳನ್ನು ನೀವು ಕಂಡಿರುವಿರಿ. ಅಂತಹ ಒಂಬತ್ತು ಪೆಟ್ಟಿಗೆಗಳು ಒಟ್ಟಿಗೆ ಎದುರಿಗೆ ಹಾರುವಾಗ ಎರಡು ತೋಳುಗಳಿಂದ ತಡೆಯಬಲ್ಲ ಬಲಶಾಲಿ ಯಾರು? ತಾಯಿಯೂ ಪಟ್ಟಿಯನ್ನು ಕಟ್ಟಿಕೊಂಡಿರದಿದ್ದರೆ ಅವಳ ದೇಹಭಾರವೆಲ್ಲವೂ ಮಗುವಿನ ಮೇಲೆಯೇ ಬೀಳುವುದು. ಇದರಲ್ಲಿ ಪ್ರೀತಿಯ ಕೊರತೆಯೇನೂ ಇಲ್ಲ. ಇದು ಕೇವಲ ಭೌತಶಾಸ್ತ್ರ.

ಇಂಥ ಲೆಕ್ಕಗಳನ್ನು ಹಾಕುವುದನ್ನೇ ವೃತ್ತಿಯನ್ನಾಗಿ ಮಾಡಿಕೊಂಡವರು ಈಗ ಲೋಕದ ಎಲ್ಲ ಕಡೆಯೂ ಇದ್ದಾರೆ. ಅವರು ಅಪಘಾತವನ್ನು ಹಣೆಬರಹವೆಂದು ಬಿಡದೆ, ಕಾಲರಾ ಮಲೇರಿಯಾಗಳಂತೆ ಕಾರಣವುಳ್ಳ, ತಡೆಯತಕ್ಕ ಒಂದು ರೋಗವೆಂದು ನೋಡುವವರು. ಅವರಲ್ಲಿ ಹಿರಿಯನು ಅಮೇರಿಕಾದ ಹ್ಯೂ ಡಿಹ್ಯಾವೆನ್. ೧೯೧೭ರಲ್ಲಿ ವಿಮಾನ ನಡೆಸುವುದನ್ನು ಕಲಿಯುತ್ತಿದ್ದಾಗ ಅಪಘಾತಕ್ಕೆ ಸಿಕ್ಕಿ ಉಳಿದುಕೊಂಡ ಈತನು, ೧೯೪೨ರಲ್ಲಿ, ೫೦ರಿಂದ ೧೫೦ ಅಡಿ ಎತ್ತರದಿಂದ ಬಿದ್ದೂ ಬದುಕಿದವರನ್ನು ಕುರಿತು ಒಂದು ಲೇಖನವನ್ನು ಪ್ರಕಟಿಸಿದನು. ಕೊಲ್ಲುವುದು ಬೀಳುವಿಕೆಯಲ್ಲ, ಥಟ್ಟನೆ ನಿಲ್ಲುವಿಕೆ. ಆ ನಿಲುಗಡೆಯನ್ನು ಕೊಂಚ ಮೃದುಮಾಡಿ, ದೇಹದ ಬಲವಾದ ಭಾಗಗಳ ಮೇಲೆ ಹರಡಿದರೆ ಜೀವವುಳಿಯುವುದೆಂಬುದು ಅವನು ಕಂಡ ತತ್ತ್ವ. ಮಕ್ಕಳ ಆಸನವೆಂಬ ಸಾಧನವೆಲ್ಲವೂ ಈ ಒಂದು ಮಾತಿನ ಮೇಲೆಯೇ ನಿಂತಿದೆ.

ನಮ್ಮ ದೇಶದಲ್ಲಿಯೂ ಇಂಥವರು ಇಲ್ಲದಿಲ್ಲ. ದೆಹಲಿಯ ಐ.ಐ.ಟಿ.ಯಲ್ಲಿದ್ದು ೨೦೨೧ರಲ್ಲಿ ತೀರಿಕೊಂಡ ದಿನೇಶ್ ಮೋಹನರು ರಸ್ತೆಯ ವಿಷಯದಲ್ಲಿ ಎಷ್ಟು ಪರಿಶ್ರಮಪಟ್ಟರೋ, ಹಳ್ಳಿಯ ಮಕ್ಕಳ ಬೆರಳುಗಳನ್ನು ಕತ್ತರಿಸುತ್ತಿದ್ದ ಮೇವಿನ ಯಂತ್ರವನ್ನು ತಿದ್ದುವುದರಲ್ಲಿಯೂ ಅಷ್ಟೇ ಪರಿಶ್ರಮಪಟ್ಟರು. ಹಸು ಸಾಕುವ ನಮ್ಮ ಜಿಲ್ಲೆಯವರು ಇದನ್ನು ನೆನೆಯತಕ್ಕದ್ದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಡಾಕ್ಟರ್ ಜಿ. ಗುರುರಾಜರೂ ಅವರ ಸಂಗಡಿಗರೂ ಆಸ್ಪತ್ರೆಗಳಿಂದ ಗಾಯಾಳುಗಳ ವಿವರವನ್ನು ಕ್ರಮವಾಗಿ ಕೂಡಿಸಿ, ಯಾರಿಗೆ, ಎಲ್ಲಿ, ಯಾವಾಗ, ಹೇಗೆ ಪೆಟ್ಟಾಯಿತೆಂಬುದನ್ನು ತೋರಿಸಿಕೊಟ್ಟರು. ೨೦೧೩ರಲ್ಲಿ ಮಕ್ಕಳ ಸುರಕ್ಷತೆಯನ್ನೇ ಕುರಿತು ಒಂದು ವರದಿಯನ್ನೂ ಹೊರಡಿಸಿದರು. ದಾದಿಯರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಅಪಘಾತದ ವಾರ್ಡಿನಲ್ಲಿ ನಾಲ್ಕು ಸಾಲುಗಳನ್ನು ಸರಿಯಾಗಿ ಬರೆದಿಟ್ಟರೆ ಅದೂ ಈ ಕೆಲಸದ ಒಂದು ಭಾಗವೇ.

ಇನ್ನು ಮಡಿಲಿನ ಕಥೆ. ಅಮೇರಿಕಾದ ಟೆನ್ನೆಸ್ಸೀ ಸಂಸ್ಥಾನದಲ್ಲಿ ರಾಬರ್ಟ್ ಸ್ಯಾಂಡರ್ಸ್ ಎಂಬ ಮಕ್ಕಳ ವೈದ್ಯನಿದ್ದನು. ಚಿಕ್ಕ ಮಕ್ಕಳನ್ನು ಕಾರಿನಲ್ಲಿ ತಕ್ಕ ಆಸನದಲ್ಲಿ ಕಟ್ಟಿಯೇ ಕರೆದೊಯ್ಯಬೇಕೆಂಬ ಕಾನೂನಿಗಾಗಿ ಈತನೂ ಈತನ ಹೆಂಡತಿಯೂ ಶಾಸನಸಭೆಯ ಸದಸ್ಯರನ್ನು ಒಬ್ಬೊಬ್ಬರನ್ನಾಗಿ ಒಲಿಸಿಕೊಂಡರು. ೧೯೭೭ರಲ್ಲಿ ಮಸೂದೆಯು ಅಂಗೀಕೃತವಾಯಿತು. ೧೯೭೮ರಲ್ಲಿ ಜಾರಿಗೆ ಬಂದಿತು. ಆ ದೇಶದಲ್ಲಿ ಇದೇ ಮೊದಲನೆಯದು. ಆದರೆ ಸಭೆಯವರು ಅದರಲ್ಲಿ ಒಂದು ವಿನಾಯಿತಿಯನ್ನು ಸೇರಿಸಿದ್ದರು: ಕೂಸು ದೊಡ್ಡವರ ತೋಳಿನಲ್ಲಿದ್ದರೆ ಆಸನವು ಬೇಡವೆಂದು. ನೋಡುವುದಕ್ಕೆ ದಯೆಯ ಮಾತೇ. ಸ್ಯಾಂಡರ್ಸನು ಅದನ್ನು ಮಗುವನ್ನು ನಜ್ಜುಗುಜ್ಜುಮಾಡುವ ತಿದ್ದುಪಡಿಯೆಂದು ಕರೆದು, ೧೯೮೧ರಲ್ಲಿ ತೆಗೆಯಿಸಿಹಾಕುವವರೆಗೂ ಬಿಡಲಿಲ್ಲ. ೧೯೮೫ರೊಳಗೆ ಆ ದೇಶದ ಎಲ್ಲ ಸಂಸ್ಥಾನಗಳೂ ಇಂಥ ಕಾನೂನುಗಳನ್ನು ಮಾಡಿಕೊಂಡವು. ವೈದ್ಯನೊಬ್ಬನು ಔಷಧದ ಪೆಟ್ಟಿಗೆಯನ್ನು ಬದಿಗಿಟ್ಟು ಶಾಸನಸಭೆಯ ಬಾಗಿಲನ್ನು ತಟ್ಟಿದ್ದರಿಂದ ಉಳಿದ ಜೀವಗಳು ಅವನ ಔಷಧದಿಂದ ಉಳಿದವುಗಳಿಗಿಂತ ಹೆಚ್ಚಾಗಿರಬೇಕೆಂದು ನನ್ನ ಅಭಿಪ್ರಾಯ.

ಕೂಸಿನ ಆಸನವು ಹಿಮ್ಮುಖವಾಗಿ, ಅಂದರೆ ಕಾರಿನ ಹಿಂಬದಿಗೆ ಮುಖಮಾಡಿ ಇರುವುದನ್ನು ಕಂಡು ಅನೇಕರು ನಗುವುದುಂಟು. ೧೯೬೦ರ ದಶಕದಲ್ಲಿ ಸ್ವೀಡನ್ ದೇಶದ ಬರ್ಟಿಲ್ ಆಲ್ಡ್‌ಮನ್ ಎಂಬ ವೈದ್ಯನು, ಆಕಾಶಯಾತ್ರಿಗಳು ಹೊರಡುವಾಗ ಬೆನ್ನಿನ ಮೇಲೆ ಭಾರವನ್ನು ತಾಳುವ ರೀತಿಯನ್ನು ನೋಡಿ ಇದನ್ನು ಯೋಚಿಸಿದನು. ಹುಟ್ಟಿದ ಕೂಸಿನ ಉದ್ದದಲ್ಲಿ ಸುಮಾರು ಕಾಲುಭಾಗವು ತಲೆಯೇ. ಅಷ್ಟು ಭಾರವಾದ ತಲೆಯನ್ನು ಹೊತ್ತ ಕತ್ತಿನ ಎಲುಬುಗಳು ಇನ್ನೂ ಗಟ್ಟಿಯಾಗಿರುವುದಿಲ್ಲ. ಮುಮ್ಮುಖವಾಗಿ ಕುಳಿತ ಕೂಸಿನ ತಲೆಯು ಅಪಘಾತದಲ್ಲಿ ಮುಂದಕ್ಕೆ ಎಸೆಯಲ್ಪಡುವುದು. ಹಿಮ್ಮುಖವಾಗಿದ್ದರೆ ತಲೆ, ಕತ್ತು, ಬೆನ್ನು ಮೂರೂ ಆಸನದೊಳಗೆ ಒಟ್ಟಾಗಿ ಒರಗಿಕೊಳ್ಳುವುವು. ಸ್ವಲ್ಪ ದೊಡ್ಡ ಮಗುವಿನಲ್ಲಿಯಾದರೋ ಸೊಂಟದ ಎಲುಬು ಪೂರ್ತಿ ಬೆಳೆದಿರುವುದಿಲ್ಲವಾದ್ದರಿಂದ, ದೊಡ್ಡವರ ಪಟ್ಟಿಯು ಮೇಲಕ್ಕೆ ಜಾರಿ ಮೆತ್ತನೆಯ ಹೊಟ್ಟೆಯನ್ನು ಕೊಯ್ಯುತ್ತದೆ. ಅಂಥ ಮಗುವನ್ನು ಎತ್ತರಿಸಿ ಕೂರಿಸುವ ಪೀಠವು ಇದಕ್ಕಾಗಿಯೇ ಹೊರತು ಕಿಟಕಿಯ ಹೊರಗಿನ ಅಂದಚಂದವನ್ನು ತೋರಿಸುವುದಕ್ಕಲ್ಲ. ಇಂಥ ಸಾಧನಗಳಿಂದ ಕೂಸುಗಳ ಮರಣವು ಶೇಕಡ ೭೦ರಷ್ಟೂ, ಚಿಕ್ಕ ಮಕ್ಕಳ ಮರಣವು ಶೇಕಡ ೫೪ರಿಂದ ೮೦ರವರೆಗೂ ತಗ್ಗುವುದೆಂದು ವಿಶ್ವ ಆರೋಗ್ಯ ಸಂಸ್ಥೆಯು ಲೆಕ್ಕಹಾಕಿದೆ.

ಭಾರತದಲ್ಲಿ ೨೦೧೯ರಲ್ಲಿ ಮೋಟಾರು ವಾಹನಗಳ ಕಾಯಿದೆಯನ್ನು ತಿದ್ದಿ, ೧೪ ವರ್ಷದೊಳಗಿನ ಮಕ್ಕಳನ್ನು ಪಟ್ಟಿಯಿಂದಾಗಲಿ ಮಕ್ಕಳ ಆಸನದಿಂದಾಗಲಿ ಭದ್ರಪಡಿಸದೆ ಕರೆದೊಯ್ದರೆ ೧,೦೦೦ ರೂಪಾಯಿ ದಂಡವನ್ನು ವಿಧಿಸಿದರು. ಆದರೆ ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಬಹುಪಾಲು ಮಕ್ಕಳ ವಾಹನವು ಕಾರಲ್ಲ, ಮೋಟಾರುಸೈಕಲ್ಲು. ತಂದೆಯು ನಡೆಸುವನು, ಮುಂದೆ ತೊಟ್ಟಿಯ ಮೇಲೆ ಹಿರಿಯ ಮಗು, ಹಿಂದೆ ತಾಯಿಯು ಒಂದೇ ಪಕ್ಕಕ್ಕೆ ಕಾಲಿಟ್ಟು, ಕೂಸಿಗೆ ಸೆರಗನ್ನು ಸುತ್ತಿ ಕುಳಿತಿರುವಳು. ಶ್ರೀನಿವಾಸಪುರದ ಮಾವಿನ ಸುಗ್ಗಿಯಲ್ಲಿ ಟ್ರಾಕ್ಟರುಗಳ ನಡುವೆ, ಮಾಲೂರಿನಲ್ಲಿ ಹೆಂಚು ಇಟ್ಟಿಗೆಗಳ ಲಾರಿಗಳ ಪಕ್ಕದಲ್ಲಿ, ಮುಳಬಾಗಿಲಿನಿಂದ ನಂಗಲಿಯ ಕಡೆಗೆ ಹೆದ್ದಾರಿಯ ಮೇಲೆ, ಈ ಸಂಸಾರವನ್ನು ಯಾರು ಕಂಡಿಲ್ಲ? ಇವರನ್ನು ಬಯ್ಯುವುದು ಸುಲಭ. ಅವರಿಗೆ ಬೇರೆ ವಾಹನವಿಲ್ಲವೆಂಬುದನ್ನು ಬಯ್ಯುವವರು ಮರೆಯುವರು.

ಇವರಿಗಾಗಿಯೇ ಕೇಂದ್ರ ಸರ್ಕಾರದವರು ೨೦೨೨ರ ಫೆಬ್ರವರಿಯಲ್ಲಿ ಒಂದು ನಿಯಮವನ್ನು ಪ್ರಕಟಿಸಿ, ಒಂದು ವರ್ಷದ ತರುವಾಯ ಜಾರಿಗೆ ಬರುವಂತೆ ಮಾಡಿದರು. ನಾಲ್ಕು ವರ್ಷದೊಳಗಿನ ಮಗುವನ್ನು ನಡೆಸುವವನ ದೇಹಕ್ಕೆ ಸೇರಿಸಿ ಕಟ್ಟುವ ಸುರಕ್ಷಾಪಟ್ಟಿ ಇರಬೇಕು. ಅದು ೩೦ ಕಿಲೋಗ್ರಾಂ ಭಾರವನ್ನು ತಡೆಯುವಂಥದಾಗಿರಬೇಕು. ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಗುವಿನ ತಲೆಗೆ ಒಪ್ಪುವ ಹೆಲ್ಮೆಟ್ಟು ಇರಬೇಕು. ವೇಗವು ಗಂಟೆಗೆ ೪೦ ಕಿಲೋಮೀಟರನ್ನು ಮೀರಕೂಡದು. ನಾಲ್ಕು ವರ್ಷ ದಾಟಿದವರೆಲ್ಲರಿಗೂ ಹೆಲ್ಮೆಟ್ಟು ಕಡ್ಡಾಯವೇ. ತಂದೆಯ ದೊಡ್ಡ ಹೆಲ್ಮೆಟ್ಟನ್ನು ಮಗುವಿನ ತಲೆಗೆ ಇಟ್ಟರೆ ಪ್ರಯೋಜನವಿಲ್ಲ. ಅದು ಪೆಟ್ಟು ಬೀಳುವ ಮೊದಲೇ ಹಾರಿಹೋಗುವುದು. ಇನ್ನು ಒಂಬತ್ತು ತಿಂಗಳೊಳಗಿನ ಕೂಸಿನ ಕತ್ತು ಹೆಲ್ಮೆಟ್ಟಿನ ಭಾರವನ್ನೇ ತಾಳದು. ಅದನ್ನು ಮೋಟಾರುಸೈಕಲ್ಲಿನ ಮೇಲೆ ಒಯ್ಯಲೇಬಾರದೆಂದು ನಾನು ಹೇಳುವೆನು. ಚುಚ್ಚುಮದ್ದಿಗೆ ಹೋಗುವ ದಿವಸ ಬಸ್ಸು ಕಾಯುವುದು ಬೇಸರದ ಕೆಲಸ, ನಿಜ. ಮಾಲೂರಿನವರಿಗಾದರೆ ಬೆಂಗಳೂರಿನ ಆಸ್ಪತ್ರೆಗೆ ಹೋಗಲು ರೈಲೂ ಇದೆ.

ಕಾರುಳ್ಳವರಿಗೆ ಕೆಲವು ಮಾತುಗಳು. ಆಸನಕ್ಕೆ ಕೆಲವು ಸಾವಿರ ರೂಪಾಯಿಗಳಾಗುವುದು; ನಾಮಕರಣದ ಔತಣಕ್ಕಿಂತ ಕಡಿಮೆಯೇ. ಅದನ್ನು ಹಿಂದಿನ ಸೀಟಿನಲ್ಲಿ ಕಟ್ಟಬೇಕು. ಗಾಳಿಚೀಲವುಳ್ಳ ಮುಂದಿನ ಸೀಟಿನಲ್ಲಿ ಹಿಮ್ಮುಖದ ಆಸನವನ್ನು ಎಂದಿಗೂ ಇಡಕೂಡದು, ಯಾಕಂದರೆ ಆ ಚೀಲವು ಉಬ್ಬುವ ಬಲವೇ ಕೂಸನ್ನು ಕೊಲ್ಲಬಲ್ಲದು. ಕಟ್ಟಿದ ಮೇಲೆ ಬುಡವನ್ನು ಹಿಡಿದು ಅಲ್ಲಾಡಿಸಿ ನೋಡಿರಿ. ಒಂದು ಅಂಗುಲಕ್ಕಿಂತ ಹೆಚ್ಚು ಸರಿದರೆ ಸಡಿಲವಾಗಿದೆಯೆಂದು ತಿಳಿಯಿರಿ. ಅಮೇರಿಕಾದಲ್ಲಿ ಇದನ್ನು ಪರೀಕ್ಷಿಸಿ ತಾಯಿತಂದೆಗಳ ಕೈಯಿಂದಲೇ ಮಾಡಿಸಿ ಕಲಿಸುವುದಕ್ಕೆಂದು ತರಬೇತಿ ಪಡೆದವರಿದ್ದಾರೆ. ಅಲ್ಲಿ ನೆಲೆಸಿರುವ ನಮ್ಮ ಹೆಣ್ಣುಮಕ್ಕಳು ರಜೆಗೆ ಬಂದಾಗ ಅವರನ್ನು ಕೇಳಿ ತಿಳಿಯಬಹುದು. ಅಕ್ಕನ ಮಗುವಿನ ಆಸನವನ್ನು ತಂಗಿಯು ಪಡೆಯುವುದಾದರೆ, ಅದು ಹಿಂದೆ ಯಾವ ಅಪಘಾತಕ್ಕೂ ಸಿಕ್ಕಿರಲಿಲ್ಲವೆಂದು ವಿಚಾರಿಸಿಕೊಳ್ಳತಕ್ಕದ್ದು. ಹಲವು ಆಸನಗಳ ಮೇಲೆ ಉಪಯೋಗಿಸಬಹುದಾದ ಕೊನೆಯ ವರ್ಷವನ್ನು ಅಚ್ಚುಹಾಕಿರುವರು, ಅದನ್ನೂ ನೋಡತಕ್ಕದ್ದು. ಏಪ್ರಿಲ್ ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಆಸನದ ಲೋಹದ ಕೊಂಡಿಯು ಮಗುವಿನ ಚರ್ಮವನ್ನು ಸುಡುವಷ್ಟು ಕಾಯುವುದು. ಆದ್ದರಿಂದ ಕಾರನ್ನು ನಿಲ್ಲಿಸಿ ಇಳಿಯುವಾಗ ಆಸನದ ಮೇಲೆ ಒಂದು ಬಿಳಿಯ ಬಟ್ಟೆಯನ್ನು ಮುಚ್ಚಿ, ಮತ್ತೆ ಕೂಸನ್ನು ಕೂರಿಸುವ ಮೊದಲು ಕೊಂಡಿಯನ್ನು ನಿಮ್ಮ ಕೈಯಿಂದ ಮುಟ್ಟಿ ನೋಡಿರಿ.